ಹೊಣೆ ನಿಂತ ಅರುವ: ಕಕ್ಕಬೆ ಸೀಮೆಯಲ್ಲಿ ಕುಟುಂಬ ಸಾಂತ್ವನದ ಪೂರ್ವೇತಿಹಾಸ

ಕೊಡಗಿನ ಮಡಿಕೇರಿ ತಾಲ್ಲೂಕಿನ ನಾಪೋಕ್ಲು ಹೋಬಳಿಗೆ ಸೇರಿದ ಕಕ್ಕಬೆ, ಜಿಲ್ಲೆಯ ಅತ್ಯುನ್ನತ ಶಿಖರವಾದ ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ ಗದ್ದೆ, ಕಾಫಿ ತೋಟ, ಏಲಕ್ಕಿ ಕಾಡುಗಳ ನಡುವೆ ಚದುರಿದಂತೆ ಬೆಳೆದ ಊರು. ಪುತ್ತರಿ ಹಬ್ಬದಲ್ಲಿ ಕದಿರು ತೆಗೆಯುವ ದಿನವೂ ಮುಹೂರ್ತವೂ ಇಲ್ಲಿನ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಅಮ್ಮಂಗೇರಿಯ ಜ್ಯೋತಿಷಿಗಳಿಂದ ನಿಶ್ಚಯವಾಗುವುದರಿಂದಲೂ, ಸಮೀಪದ ಯವಕಪಾಡಿಯಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯಿರುವುದರಿಂದಲೂ ಈ ಊರಿನ ಹೆಸರು ಕೊಡಗಿನ ಇತಿಹಾಸದಲ್ಲಿ ಮತ್ತೆ ಮತ್ತೆ ಬರುತ್ತದೆ. ದೇವಾಲಯ, ಅರಮನೆಗಳಂತೆ ಕಣ್ಣಿಗೆ ಕಾಣುವ ಗುರುತು ಉಳಿಸದ ಇನ್ನೊಂದು ಇತಿಹಾಸವೂ ಈ ಸೀಮೆಗಿದೆ. ಗಂಡನ ಕುಡಿತ, ಮುನಿದು ತವರಿಗೆ ಬಂದು ಕೂತ ಹೆಂಡತಿ, ದಂಡಿನಿಂದ ಮರಳಿದವನ ಮೌನ, ಅಕಾಲ ಮರಣದ ದುಃಖ ಇವು ಮನೆಯ ಹೊಸಿಲು ದಾಟಿ ಹೊರಬಂದಾಗ ಅವುಗಳನ್ನು ಯಾರು, ಯಾವ ಅಧಿಕಾರದಿಂದ, ಯಾರ ಸಮಕ್ಷಮದಲ್ಲಿ ಕೈಗೆತ್ತಿಕೊಳ್ಳುತ್ತಿದ್ದರು ಎಂಬುದೇ ಆ ಇತಿಹಾಸದ ವಸ್ತು.

ಇಂದಿನ ವೈದ್ಯಭಾಷೆಯಲ್ಲಿ ಇಂಥ ಕೆಲಸಕ್ಕೆ ಕುಟುಂಬ ಚಿಕಿತ್ಸೆ ಎಂದು ಹೆಸರು. ನರಳುವವನೊಬ್ಬನನ್ನೇ ಬೇರ್ಪಡಿಸಿ ಪರೀಕ್ಷಿಸದೆ ಅವನೊಡನೆ ಬಾಳುವವರನ್ನೂ ಕೂರಿಸಿಕೊಂಡು, ತೊಂದರೆಯನ್ನು ಹಲವರ ನಡುವಿನ ನಂಟಿನ ತೊಡಕೆಂದು ನೋಡುವ ಕ್ರಮವಿದು. ಗಂಡಹೆಂಡಿರನ್ನಷ್ಟೇ ಒಟ್ಟಿಗೆ ಕೂರಿಸಿದರೆ ಅದು ದಂಪತಿ ಚಿಕಿತ್ಸೆಯಾಗುತ್ತದೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಹೆಸರು ಪಡೆದ ಈ ಪದ್ಧತಿಗೆ ನೇಥನ್ ಆಕರ್‌ಮನ್ 1958ರಲ್ಲಿ, ಸಾಲ್ವಡೋರ್ ಮಿನುಚಿನ್ 1974ರಲ್ಲಿ ಪ್ರಕಟಿಸಿದ ಗ್ರಂಥಗಳು ಶಾಸ್ತ್ರರೂಪ ಕೊಟ್ಟವು. ಒಂದು ಜನಾಂಗದ ಕುಟುಂಬಕ್ಕೆ ಹೊಂದುವ ಸಲಹೆ ಇನ್ನೊಂದಕ್ಕೆ ಹೊಂದಲಾರದೆಂಬ ಅರಿವು ಆ ಶಾಸ್ತ್ರದೊಳಗೆ ಗಟ್ಟಿಯಾಗಿ ಮೂಡಿದ್ದು 1982ರಲ್ಲಿ ಮೋನಿಕಾ ಮೆಕ್‌ಗೋಲ್ಡ್ರಿಕ್ ಮತ್ತು ಸಂಗಡಿಗರು ಜನಾಂಗ ಹಾಗೂ ಕುಟುಂಬ ಚಿಕಿತ್ಸೆಯ ಸಂಬಂಧವನ್ನು ಕುರಿತು ಗ್ರಂಥ ಹೊರತಂದ ಮೇಲೆ. ಕೊಡಗಿನ ಹಿರಿಯರು ಇದನ್ನೆಲ್ಲ ಮೊದಲೇ ಕಂಡುಕೊಂಡಿದ್ದರೆಂದು ಹೇಳುವುದು ಪೊಳ್ಳು ಹೆಮ್ಮೆಯಾದೀತು. ಅವರು ರೋಗವನ್ನು ಗುಣಪಡಿಸಲು ಹೊರಟವರಲ್ಲ. ಆದರೂ ಕುಟುಂಬ ಚಿಕಿತ್ಸಕರು ಇಂದಿಗೂ ತಡಕಾಡುತ್ತಿರುವ ಒಂದು ಪ್ರಶ್ನೆಗೆ, ಅಂದರೆ ಮಾತುಕತೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಆಡಿದ ಮಾತಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ, ಅವರಲ್ಲಿ ಖಚಿತವಾದ ಉತ್ತರವಿತ್ತು.

ಕೊಡವರ ಸಾಮಾಜಿಕ ಬದುಕಿನ ಮೂಲಘಟಕ ಒಕ್ಕ, ಎಂದರೆ ಒಬ್ಬ ಮೂಲಪುರುಷನಿಂದ ಗಂಡು ಸಂತತಿಯ ಮೂಲಕ ಇಳಿದು ಬಂದ, ಒಂದೇ ಮನೆಹೆಸರನ್ನು ಹೊತ್ತ ಕುಲಕುಟುಂಬ. ಆ ಮೂಲಪುರುಷನನ್ನು ಕಾರೋಣ ಅಥವಾ ಗುರುಕಾರೋಣನೆಂದೂ, ಅವನ ಗುಡಿಯನ್ನು ಕೈಮಡವೆಂದೂ, ಒಕ್ಕದ ಹಿರಿಮನೆಯನ್ನು ಐನ್‌ಮನೆಯೆಂದೂ, ಆ ಮನೆಯ ನಡುವಿನಲ್ಲಿ ದೀಪವಿರುವ ಹಜಾರವನ್ನು ನೆಲ್ಲಕ್ಕಿ ನಡುಬಾಡೆಯೆಂದೂ ಕರೆಯುತ್ತಾರೆ. ಒಕ್ಕದ ಹಿರಿಯ ಗಂಡಸು ಪಟ್ಟೆದಾರನೆನಿಸಿ ಜಮೀನು, ಪೂಜೆ, ಮದುವೆ, ಮನಸ್ತಾಪ ಎಲ್ಲಕ್ಕೂ ಮುಖ್ಯಸ್ಥನಾಗಿರುತ್ತಿದ್ದ. ಅವನ ಕೈಮೀರಿದ ವ್ಯಾಜ್ಯವು ಊರಿನ ತಕ್ಕನಿಗೂ, ಅಲ್ಲಿಂದ ನಾಡಿನ ತಕ್ಕನಿಗೂ ಹೋಗುತ್ತಿತ್ತು. ತಕ್ಕನೆಂದರೆ ವಂಶಪಾರಂಪರ್ಯವಾಗಿ ದೇವಕಾರ್ಯವನ್ನೂ ನ್ಯಾಯವನ್ನೂ ನಡೆಸುವ ಮುಖಂಡ. ಸೈನಿಕ ಸೇವೆಗೆ ಪ್ರತಿಯಾಗಿ ಕಡಿಮೆ ಕಂದಾಯಕ್ಕೆ ದೊರೆತ ಜಮ್ಮಾ ಭೂಮಿಯು ಒಕ್ಕದ ಹೆಸರಿನಲ್ಲೇ ಉಳಿಯಬೇಕೆಂಬ ಕಟ್ಟುಪಾಡು ಈ ರಚನೆಗೆ ಆರ್ಥಿಕ ಬೆನ್ನೆಲುಬಾಗಿತ್ತು. ಎಂ. ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟವಾದ ಕೊಡಗರ ಧರ್ಮ ಮತ್ತು ಸಮಾಜವನ್ನು ಕುರಿತ ತಮ್ಮ ಅಧ್ಯಯನದಲ್ಲಿ ಒಕ್ಕವನ್ನು ಬದುಕಿರುವವರ ಗುಂಪೆಂದಷ್ಟೇ ಕಾಣದೆ, ಸತ್ತ ಹಿರಿಯರನ್ನೂ ಹುಟ್ಟಲಿರುವವರನ್ನೂ ಒಳಗೊಂಡ ಅವಿಚ್ಛಿನ್ನ ಘಟಕವೆಂದು ವಿವರಿಸಿರುವುದು ಇಲ್ಲಿ ಮುಖ್ಯ; ಏಕೆಂದರೆ ಇಂಥ ಘಟಕದಲ್ಲಿ ಒಬ್ಬನ ಕುಡಿತವೋ ಒಬ್ಬಳ ಕಣ್ಣೀರೋ ಆ ಒಬ್ಬರದಾಗಿಯೇ ಉಳಿಯುವುದು ಸಾಧ್ಯವಿರಲಿಲ್ಲ.

ಒಕ್ಕ ಎಷ್ಟೇ ಬಲವಾಗಿದ್ದರೂ ತನ್ನೊಳಗಿನ ತಪ್ಪನ್ನು ತಾನೇ ನೋಡಲಾರದು ಎಂಬ ಎಚ್ಚರ ಕೊಡವ ಪದ್ಧತಿಯಲ್ಲಿತ್ತು. ಆ ಎಚ್ಚರದಿಂದಲೇ ಅರುವನ ಸ್ಥಾನ ಹುಟ್ಟಿರಬೇಕು. ಅರುವನೆಂದರೆ ಒಂದು ಒಕ್ಕಕ್ಕೆ ಇನ್ನೊಂದು ಒಕ್ಕದಿಂದ ಬಂದ ಪ್ರತಿನಿಧಿ. ರಕ್ತಸಂಬಂಧಿಯಲ್ಲದಿದ್ದರೂ ಆ ಮನೆಯ ಮದುವೆ, ಸಾವು, ಪಾಲು, ಜಗಳ ಎಲ್ಲವನ್ನೂ ಬಲ್ಲವನು, ಅದರ ಪರವಾಗಿ ಮಾತಾಡುವ ಅಧಿಕಾರ ಪಡೆದವನು. ಈ ನಂಟು ಇಬ್ಬರು ಗೆಳೆಯರ ನಡುವಿನ ಸಲಿಗೆಯಾಗಿರದೆ ಎರಡು ಒಕ್ಕಗಳ ನಡುವೆ ತಲೆಮಾರುಗಳ ಉದ್ದಕ್ಕೂ ನಡೆದು ಬರುವ ಕಟ್ಟಾಗಿತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಪ್ರಕಟಿಸಿದ ಕೊಡಗಿನ ವೃತ್ತಾಂತ, ಜಿ. ರಿಕ್ಟರ್ 1870ರಲ್ಲಿ ಹೊರತಂದ ಕೈಪಿಡಿ, ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲಿ ಕನ್ನಡ ಲಿಪಿಯಲ್ಲಿ ಸಂಗ್ರಹಿಸಿಕೊಟ್ಟ ‘ಪಟ್ಟೋಲೆ ಪಳಮೆ’, ಶ್ರೀನಿವಾಸರ ಅಧ್ಯಯನ ಇವು ಕೊಡವರ ಮದುವೆಯ ಪದ್ಧತಿಯನ್ನು ಬಲ್ಲ ಓದುಗರಿಗೆ ಪರಿಚಿತವಾದ ಆಧಾರಗಳು. ಒಬ್ಬ ಪೊಲೀಸ್ ಅಧಿಕಾರಿಯಾಗಿದ್ದ ಚಿಣ್ಣಪ್ಪನವರು ಊರೂರು ತಿರುಗಿ ಹಾಡುಗಳನ್ನೂ ಪದ್ಧತಿಗಳನ್ನೂ ಬರೆದುಕೊಂಡದ್ದರಿಂದಲೇ ಅವುಗಳಲ್ಲಿ ಎಷ್ಟೋ ಉಳಿದವೆಂಬುದನ್ನು ಇಲ್ಲಿ ನೆನೆಯಬಹುದು.

ಮದುವೆಯ ಮಧ್ಯಭಾಗವಾದ ಸಮ್ಮಂದ ಕೊಡುವ ಶಾಸ್ತ್ರದಲ್ಲಿ ಗಂಡಿನ ಅರುವ ಮತ್ತು ಹೆಣ್ಣಿನ ಅರುವ ದೀಪದ ಮುಂದೆ, ಎರಡೂ ಕಡೆಯ ನೆಂಟರ ಸಮಕ್ಷಮದಲ್ಲಿ ಎದುರುಬದುರಾಗಿ ನಿಲ್ಲುತ್ತಾರೆ. ಹೆಣ್ಣಿನ ಅರುವನು ತಮ್ಮ ಮಗುವಿಗೆ ಹೊಸ ಒಕ್ಕದ ಮನೆ, ಗದ್ದೆ, ದನಕರು, ಬಾಣಲೆ ಬಿಂದಿಗೆಗಳಲ್ಲಿ ಹಕ್ಕುಂಟೇ ಎಂದು ಒಂದೊಂದಾಗಿ ಕೇಳುತ್ತ ಹೋಗುತ್ತಾನೆ; ಗಂಡಿನ ಅರುವನು ಒಂದೊಂದಕ್ಕೂ ಉಂಟೆಂದು ಒಪ್ಪುತ್ತಾನೆ. ಆ ಬಳಿಕ, ನಿರಪರಾಧಿಯಾದ ಈ ಮಗು ಮುಂದೆಂದಾದರೂ ನೊಂದು ದೂರು ಹೊತ್ತು ಬಂದರೆ ಅದಕ್ಕೆ ಹೊಣೆ ಯಾರೆಂಬ ಪ್ರಶ್ನೆ ಬರುತ್ತದೆ, ಗಂಡಿನ ಅರುವನು ತಾನೇ ಹೊಣೆಯೆಂದು ಹೇಳಬೇಕಾಗುತ್ತದೆ. ಹಕ್ಕಿನ ಕುರುಹಾಗಿ ಸಣ್ಣ ಕಲ್ಲುಗಳನ್ನು ಹೆಣ್ಣಿನ ಕಡೆಗೆ ದಾಟಿಸಿ ಅವಳ ಬಟ್ಟೆಯ ಅಂಚಿಗೆ ಕಟ್ಟುವುದು ಶಾಸ್ತ್ರದ ಕೊನೆಯ ಭಾಗ. ಪುರೋಹಿತನ ಮಂತ್ರವೂ ಅಗ್ನಿಸಾಕ್ಷಿಯೂ ಇಲ್ಲದ ಈ ಮದುವೆಯಲ್ಲಿ ಸಂಬಂಧವನ್ನು ಕಟ್ಟುವುದು ಇಬ್ಬರು ಹೊಣೆಗಾರರ ನಡುವಿನ ಈ ಸಂವಾದವೇ. ದಾಂಪತ್ಯ ಕೆಡಬಹುದೆಂಬ ಸಾಧ್ಯತೆಯನ್ನು ಅಪಶಕುನವೆಂದು ಮುಚ್ಚಿಡದೆ ಮದುವೆಯ ದಿನವೇ ಎತ್ತಿ ಆಡಿ, ಕೆಟ್ಟಾಗ ಯಾರ ಬಾಗಿಲು ತಟ್ಟಬೇಕೆಂಬುದನ್ನು ನೂರಾರು ಜನರ ಮುಂದೆ ನಿಶ್ಚಯಿಸುವ ಈ ನಡವಳಿಕೆಯಲ್ಲಿರುವ ವಿವೇಕ ಸಾಮಾನ್ಯವಾದುದಲ್ಲ.

ಅರುವನ ಬಲವಿದ್ದುದು ಅವನು ಒಳಗಿನವನೂ ಹೊರಗಿನವನೂ ಆಗಿದ್ದುದರಲ್ಲಿ. ಮನೆಯ ಪಾಲಿನಲ್ಲಿ ಅವನಿಗೆ ಆಸೆಯಿಲ್ಲ. ಹಾಗೆಂದು ಮನೆಯ ಹಿಂದುಮುಂದು ತಿಳಿಯದ ಅಪರಿಚಿತನೂ ಅವನಲ್ಲ. ತನ್ನ ತಂದೆಯೋ ಅಜ್ಜನೋ ಅದೇ ಮನೆಗೆ ಅರುವನಾಗಿದ್ದುದರಿಂದ ಆ ಒಕ್ಕದ ಹಿಂದಿನ ತಲೆಮಾರಿನ ಕುಡಿತವನ್ನೂ ಸಿಟ್ಟನ್ನೂ ಮೌನವನ್ನೂ ಅವನು ಕೇಳಿ ಬಲ್ಲವನಾಗಿರುತ್ತಿದ್ದ. ಇಂದಿನ ಕುಟುಂಬ ಚಿಕಿತ್ಸಕರು ಮೂರು ತಲೆಮಾರುಗಳ ವಂಶವೃಕ್ಷವನ್ನು ಬರೆದು, ಯಾರು ಯಾರೊಡನೆ ಮಾತು ಬಿಟ್ಟರು, ಯಾರಿಗೆ ಯಾವ ಚಟವಿತ್ತು ಎಂದು ಗುರುತು ಹಾಕಿಕೊಳ್ಳುವ ತಿಳಿವಳಿಕೆಯನ್ನು ಅರುವನು ಬಾಲ್ಯದಿಂದಲೇ ಹೊತ್ತು ಬಂದಿರುತ್ತಿದ್ದ.

ಅವನ ಕೊರತೆಯೂ ಅಷ್ಟೇ ಸ್ಪಷ್ಟ. ಅರುವ ಗಂಡಸು, ಅವನನ್ನು ನಿಯಮಿಸಿದ್ದು ಒಕ್ಕ, ನೊಂದವಳಲ್ಲ. ಅವನು ಹೆಣ್ಣಿನ ದೂರನ್ನು ಕೇಳಬಲ್ಲವನಾಗಿದ್ದನೇ ಹೊರತು ಅವಳ ಗುಟ್ಟನ್ನು ಕಾಯಬಲ್ಲವನಾಗಿರಲಿಲ್ಲ. ದೂರು ದೂರಾಗಬೇಕಾದರೆ ಅದು ಹಿರಿಯರ ಮುಂದೆ ಬಾಯಿಬಿಟ್ಟು ಬರಲೇಬೇಕಿತ್ತು. ಹೊಡೆತದ ಬಗ್ಗೆ ಹೇಳಬಹುದಾದ ಹೆಂಗಸು ಹಾಸಿಗೆಯ ಹಿಂಸೆಯ ಬಗ್ಗೆ ಅಂಥ ಕೂಟದಲ್ಲಿ ಹೇಳಲಾರಳು. ಕೊಡವರಲ್ಲಿ ವಿಚ್ಛೇದನಕ್ಕೂ ವಿಧವಾವಿವಾಹಕ್ಕೂ ಅವಕಾಶವಿದ್ದುದು ನೆರೆಯ ಎಷ್ಟೋ ಸಮುದಾಯಗಳಿಗೆ ಹೋಲಿಸಿದರೆ ದೊಡ್ಡ ಮಾತೇ ಆದರೂ, ಮಕ್ಕಳು ತಂದೆಯ ಒಕ್ಕಕ್ಕೇ ಸೇರಿದವರೆಂಬ ನಿಯಮವು ಮರಳಿ ಹೋಗಲು ಹೊರಟವಳ ಕಾಲನ್ನು ಹಿಡಿದು ನಿಲ್ಲಿಸುತ್ತಿತ್ತು. ಸಂಪ್ರದಾಯವು ಹೊಣೆಗಾರನನ್ನು ಕೊಟ್ಟಿತು, ಖಾಸಗಿತನವನ್ನು ಕೊಡಲಿಲ್ಲ. ಆಧುನಿಕ ಆಸ್ಪತ್ರೆ ಖಾಸಗಿತನವನ್ನು ಕೊಟ್ಟಿತು, ಹೊಣೆಗಾರನನ್ನು ಕೊಡಲಿಲ್ಲ. ಕೊಡಗಿನಲ್ಲಿ ಕುಟುಂಬ ಸಾಂತ್ವನದ ಇತಿಹಾಸವನ್ನು ಈ ಎರಡರ ನಡುವಿನ ಜಗ್ಗಾಟವೆಂದೇ ಓದಬೇಕು.

ಮದ್ಯದ ವಿಷಯ ಇದಕ್ಕಿಂತ ಜಟಿಲ. ಕಾರೋಣನಿಗೆ ಕೊಡುವ ಎಡೆಯಲ್ಲಿ ಮಾಂಸದೊಡನೆ ಮದ್ಯವೂ ಇರುತ್ತದೆ. ಹಬ್ಬದ ದಿನ ದೀಪದ ಬಳಿ ಹಿರಿಯರಿಗೆಂದು ಇಡುವ ಮೀದಿಯಲ್ಲೂ ಅದಕ್ಕೆ ಸ್ಥಾನವಿದೆ. ಆದರೆ ಕಕ್ಕಬೆಯ ಆರಾಧ್ಯದೈವವಾದ ಇಗ್ಗುತ್ತಪ್ಪನಿಗೆ ಇವೆರಡೂ ವರ್ಜ್ಯ, ಊರ ದೇವರ ಹಬ್ಬದ ಕಾಲದಲ್ಲಿ ನಾಡಿಗೆ ನಾಡೇ ಕಟ್ಟು ಬಿದ್ದು ಮಾಂಸಾಹಾರ, ಮದುವೆ ಮುಂತಾದವುಗಳಿಂದ ದೂರವಿರುವ ರೂಢಿಯೂ ಇದೆ. ಒಂದೇ ಸಮಾಜವು ಮದ್ಯವನ್ನು ಹಿರಿಯರ ಪಾಲೆಂದು ಗೌರವಿಸುತ್ತ, ಇನ್ನೊಂದು ಸನ್ನಿಧಿಯಲ್ಲಿ ಅದನ್ನು ಹೊರಗಿಡುತ್ತ ಬಂದಿರುವುದನ್ನು ಗಮನಿಸದವರು ಕೊಡಗರೆಂದರೆ ಕುಡಿಯುವವರು ಎಂಬ ಸವಕಲು ಮಾತಿಗೆ ಜೋತುಬೀಳುತ್ತಾರೆ. ಈ ಸವಕಲು ಮಾತು ನಿರುಪದ್ರವಿಯಲ್ಲ. ಕುಡಿತ ರೋಗವಾಗಿ ಬೆಳೆದವನಿಗೆ ಅದು ಕುಲಧರ್ಮದ ನೆಪ ಒದಗಿಸುತ್ತದೆ, ಬಿಡಲು ಹೊರಟವನನ್ನು ಸಂಪ್ರದಾಯ ತೊರೆದವನಂತೆ ಕಾಣಿಸುತ್ತದೆ, ಅವನ ಹೆಂಡತಿಯ ದೂರನ್ನು ಹೊರಗಿನವರ ಸಂಕುಚಿತ ದೃಷ್ಟಿಯೆಂದು ತಳ್ಳಿಹಾಕಲು ಅನುವು ಮಾಡಿಕೊಡುತ್ತದೆ. ಮೀದಿ ಇಡುವುದಕ್ಕೂ ಇಟ್ಟದ್ದನ್ನು ಕುಡಿಯುವುದಕ್ಕೂ ನಡುವೆ ಇರುವ ಅಂತರವನ್ನು ಬಲ್ಲ ಚಿಕಿತ್ಸಕನು, ಕುಡಿತ ಬಿಟ್ಟವನು ಮೀದಿಯ ಹೊತ್ತಿನಲ್ಲಿ ಎಲ್ಲಿ ನಿಲ್ಲಬೇಕು, ಎಡೆಯನ್ನು ಅವನ ಬದಲು ಯಾರು ಇಡಬಹುದು ಎಂಬುದನ್ನು ಮನೆಯವರೊಡನೆ ಮುಂಚಿತವಾಗಿ ಮಾತಾಡಿಕೊಳ್ಳುವನು. ಅದನ್ನು ಅರಿಯದವನು ಹಬ್ಬಕ್ಕೆ ಹೋಗಬೇಡವೆಂದು ಸಲಹೆ ಕೊಟ್ಟು, ಒಬ್ಬನನ್ನು ಚಟದಿಂದ ಬಿಡಿಸುವ ಭರದಲ್ಲಿ ಅವನ ಒಕ್ಕದಿಂದಲೇ ಬಿಡಿಸಿಬಿಡುವನು.

ಮನೆ ಮತ್ತು ಹಬ್ಬಕ್ಕೆ ಸೇರಿದ್ದ ಮದ್ಯವು ದಿನನಿತ್ಯದ ಸರಕಾದದ್ದು ಬ್ರಿಟಿಷರ ಕಾಲದಲ್ಲಿ. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾಯಿತು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಯುರೋಪಿಯನ್ನನು ಕಾಫಿ ತೋಟ ತೆರೆದ ಮೇಲೆ ಕೂಲಿಯಾಳುಗಳು, ವಾರದ ಸಂತೆ, ಅಬಕಾರಿ ಗುತ್ತಿಗೆಯ ಸಾರಾಯಿ ಅಂಗಡಿ ಒಂದರ ಹಿಂದೊಂದು ಬಂದವು. ಮದ್ಯ ಸರ್ಕಾರದ ಆದಾಯದ ಮೂಲವಾದಂದಿನಿಂದ ಅದರ ಮೇಲಿದ್ದ ಹಿರಿಯರ ಹಿಡಿತ ಸಡಿಲವಾಗತೊಡಗಿತು. ಮೈಸೂರು ರಾಜ್ಯವು 1967ರಲ್ಲಿ ಪಾನನಿಷೇಧವನ್ನು ತೆಗೆದುಹಾಕಿದ್ದು, ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಲ್ಲಿಸಿದ್ದು ಈ ಕಥೆಯ ಮುಂದಿನ ಘಟ್ಟಗಳು.

ಆಘಾತವೆಂಬ ಮಾತನ್ನು, ಎಂದರೆ ಮನಸ್ಸಿನ ತಾಳಿಕೆಯನ್ನು ಮೀರಿ ಬಂದು ಬಹುಕಾಲ ಒಳಗೇ ಉಳಿಯುವ ಪೆಟ್ಟನ್ನು, ಈ ಸೀಮೆಯ ಇತಿಹಾಸಕ್ಕೆ ಅನ್ವಯಿಸುವಾಗ ನಾಲ್ಕುನಾಡು ಅರಮನೆ ತಾನಾಗಿಯೇ ಎದುರು ಬರುತ್ತದೆ. 1780ರಲ್ಲಿ ತಂದೆ ಲಿಂಗರಾಜ ತೀರಿಕೊಂಡ ಮೇಲೆ ದೊಡ್ಡವೀರರಾಜೇಂದ್ರನು ತನ್ನ ಮನೆಮಂದಿಯೊಡನೆ ಮೈಸೂರಿನವರ ಸೆರೆಯಲ್ಲಿ ವರ್ಷಗಳನ್ನು ಕಳೆದು, 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದವನು. ಟಿಪ್ಪು ಸುಲ್ತಾನನ ದಂಡಯಾತ್ರೆಗಳಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಕೊಡಗರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲದಿದ್ದರೂ, ಒಕ್ಕಗಳು ಒಡೆದು ಚದುರಿದ ಕಾಲ ಅದೆಂಬುದರಲ್ಲಿ ವಿವಾದವಿಲ್ಲ. ತಪ್ಪಿಸಿಕೊಂಡು ಬಂದ ಅರಸನು 1792ರ ಸುಮಾರಿಗೆ ಕಾಡಿನ ಮರೆಯಲ್ಲಿ ಈ ಅರಮನೆಯನ್ನು ಕಟ್ಟಿಸಿದ, 1796ರಲ್ಲಿ ಮಹದೇವಮ್ಮಾಜಿಯನ್ನು ಇಲ್ಲಿಯೇ ವರಿಸಿದ. 1807ರಲ್ಲಿ ಅವಳು ತೀರಿಕೊಂಡ ಬಳಿಕ ಅವನ ಬುದ್ಧಿ ಸ್ಥಿಮಿತ ತಪ್ಪಿತು. ಅನುಮಾನ, ಕ್ಷಣದ ಕ್ರೋಧದಲ್ಲಿ ಕೊಟ್ಟ ಮರಣಾಜ್ಞೆ, ಅದರ ಹಿಂದೆಯೇ ಪಶ್ಚಾತ್ತಾಪ, ಆತ್ಮಹತ್ಯೆಯ ಯತ್ನ ಇವುಗಳ ನಡುವೆ ಎರಡು ವರ್ಷ ನವೆದು 1809ರಲ್ಲಿ ಸತ್ತ. ಇಂದಿನ ರೋಗದ ಹೆಸರೊಂದನ್ನು ಅವನಿಗೆ ಅಂಟಿಸುವುದು ಇತಿಹಾಸಕ್ಕೂ ವೈದ್ಯಕ್ಕೂ ಸಲ್ಲದ ಕೆಲಸ. ಆದರೆ ಒಂದು ಮಾತನ್ನು ಹೇಳಬಹುದು. ಹಾಲೇರಿ ವಂಶದ ಲಿಂಗಾಯತ ಅರಸನಾದ ಅವನಿಗೆ ಒಕ್ಕವೂ ಇರಲಿಲ್ಲ, ಅರುವನೂ ಇರಲಿಲ್ಲ. ಸಿಟ್ಟಿನ ಹೊತ್ತಿನಲ್ಲಿ ಅವನ ಎದುರು ನಿಂತು ಮಾತಾಡುವ ಹಕ್ಕು ಇಡೀ ರಾಜ್ಯದಲ್ಲಿ ಯಾರಿಗೂ ಇರಲಿಲ್ಲ.

ಸಾಮಾನ್ಯ ಮನೆಗಳಲ್ಲಿ ಸಾವಿನ ದುಃಖವನ್ನು ಹಂಚಿಕೊಳ್ಳುವ ಕ್ರಮ ಬೇರೆಯೇ ಇತ್ತು. ಸಾವಿನ ಸುದ್ದಿಯನ್ನು ಕೋವಿಯ ಎರಡು ಗುಂಡುಗಳ ಸದ್ದಿನಿಂದ ಊರಿಗೆ ತಿಳಿಸುವುದು, ಕೆಲಸ ಬಿಟ್ಟು ಎಲ್ಲರೂ ಸೇರುವುದು, ಹತ್ತಿರದವರು ಸೂತಕದ ಕಟ್ಟುಪಾಡುಗಳಲ್ಲಿದ್ದು ಮಾದವೆಂಬ ಕ್ರಿಯೆಯೊಡನೆ ಸಾಮಾನ್ಯ ಬದುಕಿಗೆ ಮರಳುವುದು ಇವೆಲ್ಲ ದುಃಖಕ್ಕೆ ಒಂದು ಮೊದಲನ್ನೂ ಒಂದು ಕೊನೆಯನ್ನೂ ಗೊತ್ತುಮಾಡುತ್ತಿದ್ದವು. ಕಾರೋಣನ ತೆರೆಯಲ್ಲಿ, ಎಂದರೆ ಹಿರಿಯನ ಆವೇಶ ಬಂದ ಪಾತ್ರಿಯು ವಂಶದವರೊಡನೆ ಮಾತಾಡುವ ಆಚರಣೆಯಲ್ಲಿ, ಒಕ್ಕದ ಒಳಜಗಳಗಳಿಗೆ ಸತ್ತವನ ಬಾಯಿಂದಲೇ ಬೈಗುಳ ಬರುತ್ತಿತ್ತು. ಬದುಕಿರುವ ಯಾರೂ ಆಡಲಾರದ ಮಾತನ್ನು ಸತ್ತವನು ಆಡಿದರೆ ಯಾರಿಗೂ ಅವಮಾನವಾಗುತ್ತಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಏರ್ಪಾಡು ಒಮ್ಮೆಲೇ ಕುಸಿಯದೆ ಮೆಲ್ಲಮೆಲ್ಲನೆ ಸವೆಯಿತು. ಕಾಫಿಯ ಲಾಭ ಒಬ್ಬೊಬ್ಬರ ಕೈಗೆ ಬಂದು ಕೂಡುಮನೆಗಳು ಒಡೆದು ಬೇರೆ ಬೇರೆ ಮನೆ, ಬಂಗಲೆಗಳಾದವು. ಸೈನ್ಯ, ಸರ್ಕಾರಿ ನೌಕರಿಗಳು ಗಂಡಸರನ್ನು ವರ್ಷಗಟ್ಟಲೆ ಹೊರಗಿಟ್ಟವು. ಐನ್‌ಮನೆ ಹಬ್ಬಕ್ಕೆ ಸೇರುವ ತಾಣವಾಯಿತು. ವ್ಯಾಜ್ಯ ಕೋರ್ಟಿಗೂ ವಿಚ್ಛೇದನ 1955ರ ಹಿಂದೂ ವಿವಾಹ ಕಾಯ್ದೆಗೂ ಒಳಪಟ್ಟ ಮೇಲೆ ಅರುವನ ಪಾಲಿಗೆ ಉಳಿದದ್ದು ಮದುವೆಯ ದಿನದ ಸಂವಾದವಷ್ಟೇ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯು ತೀರ್ಪಿಗೆ ಮೊದಲು ರಾಜಿಗೆ ಯತ್ನಿಸುವ ಕರ್ತವ್ಯವನ್ನು ನ್ಯಾಯಾಲಯದ ಮೇಲೆ ಹೊರಿಸಿ ಆಪ್ತಸಮಾಲೋಚಕರ ನೇಮಕಕ್ಕೆ ಅವಕಾಶ ಕೊಟ್ಟಿತಾದರೂ, ಆ ಸಮಾಲೋಚಕನು ರಾಜಿಯಾದ ಮರುದಿನದಿಂದ ಆ ದಂಪತಿಗೆ ಏನೂ ಆಗಬೇಕಾದವನಲ್ಲ.

ಕರ್ನಾಟಕದಲ್ಲಿ ಕುಟುಂಬವನ್ನೇ ಚಿಕಿತ್ಸೆಗೆ ತೆಗೆದುಕೊಳ್ಳುವ ವೈದ್ಯಪದ್ಧತಿ ಬೆಳೆದದ್ದು ಬೆಂಗಳೂರಿನಲ್ಲಿ. 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮಾನಸಿಕ ಆಸ್ಪತ್ರೆಯೊಡನೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದಕ್ಕೂ ಮುಂಚೆ 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದೊಳಗೆ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗಿರಿಸಿಕೊಂಡಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಅದೇ ದಶಕದಲ್ಲಿ ರೋಗಿಯೊಡನೆ ಮನೆಯವರು ಉಳಿಯುವ ಕ್ರಮವನ್ನು ಹಿಡಿಯಿತು. ಪಶ್ಚಿಮದಲ್ಲಿ ಸಿದ್ಧಾಂತ ಮೊದಲು ಬಂದು ಕುಟುಂಬವನ್ನು ಒಳಗೆ ಕರೆಯಿತು. ಇಲ್ಲಿ ಕರೆಯದಿದ್ದರೂ ಕುಟುಂಬ ಬಂದು ಜಗುಲಿಯಲ್ಲಿ ಕೂತಿತ್ತು, ವೈದ್ಯರು ಅದನ್ನು ಕಂಡು ಬುದ್ಧಿವಂತಿಕೆಯಿಂದ ಬಳಸಿಕೊಂಡರು. 1970ರ ದಶಕದಲ್ಲಿ ನಿಮ್ಹಾನ್ಸ್ ಕುಟುಂಬ ಮನೋವೈದ್ಯ ವಿಭಾಗವನ್ನು ತೆರೆದು ಇಡೀ ಸಂಸಾರವನ್ನೇ ವಾರ್ಡಿನಲ್ಲಿ ಉಳಿಸಿಕೊಳ್ಳತೊಡಗಿತು. ಆ ಅನುಭವವನ್ನು ಆರ್. ಎಸ್. ಭಟ್ಟಿ, ಎನ್. ಜಾನಕಿರಾಮಯ್ಯ, ಎಸ್. ಎಂ. ಚನ್ನಬಸವಣ್ಣ ಅವರು 1980ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಅದೇ ಸಂಸ್ಥೆಯ ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಂ 1964ರಷ್ಟು ಹಿಂದೆಯೇ, ಭಾರತೀಯ ರೋಗಿಯು ವೈದ್ಯನಲ್ಲಿ ತಟಸ್ಥ ಕೇಳುಗನಿಗಿಂತ ಹೆಚ್ಚಾಗಿ ಆಸರೆ ಕೊಡುವ ಹಿರಿಯನನ್ನು ಅರಸುತ್ತಾನೆಂದು ಬರೆದಿದ್ದರು; 1973ರಲ್ಲಿ ಜೆ. ಎಸ್. ನೇಕಿ ಅವರು ಗುರುಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಮುಂದಿಟ್ಟರು. ಈ ಎರಡೂ ಬರಹಗಳ ಮಹತ್ವವನ್ನು ಒಪ್ಪಿಕೊಂಡೂ ಒಂದು ಆಕ್ಷೇಪವನ್ನು ಎತ್ತಬೇಕಾಗಿದೆ. ಭಾರತೀಯ ಕುಟುಂಬವೆಂಬ ಒಂದೇ ವಸ್ತು ಎಲ್ಲೂ ಇಲ್ಲ. ಜಿ. ಎಂ. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಕರಾವಳಿಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗೇರರ ನಡುವೆ ನಡೆಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದೇ ಊರಿನಲ್ಲೂ ಪಿತೃಮೂಲ, ಮಾತೃಮೂಲ ಪದ್ಧತಿಗಳ ಜನ ಬೇರೆ ಬೇರೆ ಬಗೆಯ ಒತ್ತಡಗಳ ನಡುವೆ ಬಾಳುವರೆಂಬುದರತ್ತ ಗಮನ ಸೆಳೆದಿತ್ತು. ಕೊಡಗಿನ ಪದ್ಧತಿಯಲ್ಲಿ ದಂಪತಿಯ ನಡುವೆ ಬರಬೇಕಾದವನು ಗುರುವೂ ಅಲ್ಲ, ತಂದೆಯೂ ಅಲ್ಲ. ಸಮಾನ ಸ್ಥಾನದ, ಬೇರೆ ಮನೆಯ, ಮಾತಿಗೆ ಕಟ್ಟುಬಿದ್ದ ಸಾಕ್ಷಿ. ಹಿರಿಯನಂತೆ ಉಪದೇಶ ಮಾಡುವ ವೈದ್ಯನಿಗೆ ಇಂಥ ಮನೆಯಲ್ಲಿ ಗೌರವ ಸಿಗಬಹುದು, ಉಪಯೋಗವಾಗುವುದು ಕಡಿಮೆ.

ವ್ಯಸನದ ಕ್ಷೇತ್ರದಲ್ಲಿ ಹೊಣೆಗಾರಿಕೆಯ ಎಳೆಯನ್ನು ಮತ್ತೆ ಕೈಗೆತ್ತಿಕೊಂಡವು ಶಿಬಿರಗಳು. 1980ರಲ್ಲಿ ಶಾಂತಿ ರಂಗನಾಥನ್ ಅವರು ಚೆನ್ನೈಯಲ್ಲಿ ಸ್ಥಾಪಿಸಿದ ಟಿ. ಟಿ. ರಂಗನಾಥನ್ ಪ್ರತಿಷ್ಠಾನವು ಕುಡುಕನ ಹೆಂಡತಿಗೆ ಪ್ರತ್ಯೇಕ ಕಾರ್ಯಕ್ರಮವನ್ನು ರೂಪಿಸಿ, 1989ರಿಂದ ತಂಜಾವೂರು ಸೀಮೆಯ ಮಂಜಕ್ಕುಡಿಯಲ್ಲಿ ಊರವರ ನೆರವಿನಿಂದ ಶಿಬಿರಗಳನ್ನು ನಡೆಸಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಊರಿನ ಸಭಾಭವನದಲ್ಲೋ ಶಾಲೆಯಲ್ಲೋ ಒಂದು ವಾರದ ವಾಸ, ಭಜನೆ, ವೈದ್ಯರ ತಪಾಸಣೆ, ಮನೆಯವರೊಡನೆ ಮಾತುಕತೆ, ದೇವರ ಹೆಸರಿನಲ್ಲಿ ಸಂಕಲ್ಪ ಇವುಗಳನ್ನು ಬೆಸೆದು, ಬಿಟ್ಟವರನ್ನು ಆ ಮೇಲೆ ನವಜೀವನ ಸಮಿತಿಗಳಲ್ಲಿ ಒಟ್ಟುಗೂಡಿಸುತ್ತವೆ. ಕೊಡಗಿನಲ್ಲೂ ಇಂಥ ಶಿಬಿರಗಳು ನಡೆದಿವೆ. ಮದ್ಯವನ್ನು ತಟ್ಟನೆ ನಿಲ್ಲಿಸಿದಾಗ ಕೆಲವರಲ್ಲಿ ಕಾಣುವ ನಡುಕ, ಸೆಳವು, ಸನ್ನಿಗಳಿಗೆ ಆಸ್ಪತ್ರೆಯ ಔಷಧವೇ ಬೇಕಾದುದರಿಂದ ಶಿಬಿರವು ಅದಕ್ಕೆ ಬದಲಿಯಾಗಲಾರದು. ಆದರೆ ಸಮಿತಿಯ ಸದಸ್ಯರು ಊರಿನಲ್ಲೇ ಇರುತ್ತಾರೆ, ಸಂತೆಯ ದಿನ ಎದುರು ಸಿಗುತ್ತಾರೆ. ಮಾತಿಗೆ ಸಾಕ್ಷಿಯಾದವನು ಕಣ್ಣೆದುರೇ ಓಡಾಡುವ ಈ ಏರ್ಪಾಡಿನಲ್ಲಿ ಅರುವನ ನೆರಳು ಕಾಣುತ್ತದೆ. ಅರುವನ ಕೊರತೆಯೂ ಅದರೊಳಗೇ ಇದೆ, ಏಕೆಂದರೆ ಸೋತು ಮತ್ತೆ ಕುಡಿದವನಿಗೆ ಅಲ್ಲಿ ಮರೆಯಾಗಲು ಜಾಗವಿಲ್ಲ, ವೇದಿಕೆಯ ಮೇಲೆ ಗಂಡನನ್ನು ಕ್ಷಮಿಸಿದ ಹೆಂಡತಿಗೆ ಆಮೇಲೆ ದೂರು ಹೇಳಲು ಬಾಯಿಲ್ಲ.

ಸಂಪ್ರದಾಯದ ಇಂಥ ಎಳೆಯೊಂದನ್ನು ಕಾನೂನಿನೊಳಗೆ ತಂದ ನಿದರ್ಶನ ನ್ಯೂಜಿಲೆಂಡಿನದು. ಅಲ್ಲಿನ ಮಾವೊರಿ ಜನರ ಕೂಡುಕುಟುಂಬದ ಸಭೆಗಳನ್ನು ಅನುಸರಿಸಿ 1989ರ ಮಕ್ಕಳ ಹಾಗೂ ಕುಟುಂಬಗಳ ಕಾಯ್ದೆಯು ಕುಟುಂಬ ಕೂಟವೆಂಬ ವಿಧಾನವನ್ನು ಕಡ್ಡಾಯಗೊಳಿಸಿತು. ಅಧಿಕಾರಿಗಳು ವಿಷಯವನ್ನು ತಿಳಿಸಿದ ಮೇಲೆ ಹೊರಗೆ ಹೋಗಿ, ನೆಂಟರಷ್ಟೇ ಕೂತು ಮಗುವಿನ ಬಗ್ಗೆ ನಿರ್ಧರಿಸುವುದು ಅದರ ತಿರುಳು. ಕೊಡಗಿನಲ್ಲಿ ಹೀಗಾಗಲಿಲ್ಲ. ಇಲ್ಲಿ ಸಂಪ್ರದಾಯವು ಸಂಸ್ಕೃತಿ ಪ್ರದರ್ಶನದ ಕಡೆಗೂ ಕಾನೂನು ಕಚೇರಿಯ ಕಡೆಗೂ ಬೇರೆ ಬೇರೆಯಾಗಿ ನಡೆದುಹೋದವು.

ಈ ಅಗಲಿಕೆಯ ಬೆಲೆ ಕಂಡದ್ದು 2018ರ ಆಗಸ್ಟ್ ತಿಂಗಳಲ್ಲಿ. ಮಕ್ಕಂದೂರು, ಕಾಲೂರು, ಮುಕ್ಕೋಡ್ಲು ಭಾಗಗಳಲ್ಲಿ ಬೆಟ್ಟಗಳು ಜಾರಿ ಮನೆ, ಗದ್ದೆ, ತೋಟಗಳು ಕೊಚ್ಚಿಹೋದವು. 2019ರಲ್ಲಿ ಕೋರಂಗಾಲ, ತೋರಗಳಲ್ಲಿಯೂ 2020ರಲ್ಲಿ ತಲಕಾವೇರಿಯಲ್ಲಿಯೂ ಮತ್ತೆ ಕುಸಿತಗಳಾದವು. ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಸರ್ಕಾರ ಕಟ್ಟಿಸಿದ ಬಡಾವಣೆಗಳು ಸೂರು ಕೊಟ್ಟವು. ನೆಲದೊಡನೆ ಕೈಮಡವನ್ನೂ ನೆರೆಮನೆಯನ್ನೂ ಕಳೆದುಕೊಂಡ ಕುಟುಂಬಕ್ಕೆ ಸಾಲುಮನೆಯ ಹೊಸ ಬೀದಿಯಲ್ಲಿ ಮಳೆಯ ಸದ್ದಿಗೆ ನಿದ್ದೆ ಬಾರದಿದ್ದರೆ, ಆ ಭಯವನ್ನು ಕುಡಿತದಿಂದ ಅಡಗಿಸುವ ಗಂಡಸಿದ್ದರೆ, ಅವನ ವಿಚಾರದಲ್ಲಿ ಮಾತಾಡುವ ಹಕ್ಕು ಯಾರಿಗಿದೆಯೆಂಬುದನ್ನು ಹೊಸದಾಗಿಯೇ ಕಂಡುಕೊಳ್ಳಬೇಕಾಗುತ್ತದೆ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇರುವುದು ಈ ದಿಸೆಯಲ್ಲಿ ನಿಜವಾದ ಅನುಕೂಲ.

ಅರುವ ಪದ್ಧತಿಯನ್ನು ಮೆಚ್ಚುವಾಗ ಅದು ಯಾರನ್ನು ಹೊರಗಿಟ್ಟಿತ್ತೆಂಬುದನ್ನೂ ಹೇಳದೆ ಇರಲಾಗದು. ಯವಕಪಾಡಿಯ ಕಾಡಂಚಿನಲ್ಲಿ ಜೇನು ಕೀಳುತ್ತ, ಏಲಕ್ಕಿ ಬಿಡಿಸುತ್ತ, ಬೈನೆ ಮರದಿಂದ ಕಳ್ಳು ಇಳಿಸುತ್ತ ಬಾಳಿದ ಕುಡಿಯರು, ಗದ್ದೆ ತೋಟಗಳಲ್ಲಿ ಜೀತಕ್ಕೆ ದುಡಿದ ಯರವರು ಈ ಕೊಡವ ಒಕ್ಕಗಳ ಲೆಕ್ಕದಲ್ಲಿ ಇರಲಿಲ್ಲ. ಒಡೆಯನ ಮನೆಗೆ ಕಳ್ಳು ತಂದುಕೊಟ್ಟವನ ಗುಡಿಸಲಿನಲ್ಲಿ ಕುಡಿತ ಹೆಚ್ಚಾದರೆ ಅದನ್ನು ಕೇಳಲು ಎದುರುಮನೆಯ ಅರುವನಾರೂ ಬರುತ್ತಿರಲಿಲ್ಲ. ಅವರಲ್ಲಿ ಅವರದೇ ಹಿರಿಯರಿದ್ದರು, ಅವರದೇ ದೈವಗಳಿದ್ದವು. ಕುಂಜಿಲದ ಮುಸ್ಲಿಂ ಮನೆಗಳಲ್ಲಿ ಇಂಥ ಮಾತು ಜಮಾತಿನ ಹಿರಿಯರ ಬಳಿಗೆ ಹೋಗುತ್ತದೆ. ಒಂದೇ ಗ್ರಾಮ ಪಂಚಾಯಿತಿಯ ಎಲ್ಲೆಯೊಳಗೆ ಇಷ್ಟು ಬಗೆಯ ಬಾಗಿಲುಗಳಿರುವಾಗ ಸಂಸ್ಕೃತಿಗೆ ಹೊಂದುವ ಚಿಕಿತ್ಸೆಯೆಂದರೆ ಕೊಡವ ಪದ್ಧತಿಯೊಂದನ್ನೇ ಎಲ್ಲರಿಗೂ ತೊಡಿಸುವುದೆಂದು ಭಾವಿಸಿದರೆ ಹಳೆಯ ಅನ್ಯಾಯವೇ ಹೊಸ ಹೆಸರಿನಲ್ಲಿ ಬಂದಂತಾಗುತ್ತದೆ.

ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು 2018ರ ಮೇ ತಿಂಗಳಲ್ಲಿ ಜಾರಿಗೆ ಬಂದಾಗ, ರೋಗಿಯ ಗುಟ್ಟನ್ನು ಕಾಯುವುದನ್ನು ಹಕ್ಕೆಂದು ಘೋಷಿಸುವುದರ ಜೊತೆಗೆ, ಪ್ರಾಯಕ್ಕೆ ಬಂದ ಯಾವುದೇ ವ್ಯಕ್ತಿ ತನ್ನ ಪರವಾಗಿ ನಿಲ್ಲಲು ನೆಂಟನೇ ಆಗಿರಬೇಕಿಲ್ಲದ ಪ್ರತಿನಿಧಿಯೊಬ್ಬನನ್ನು ತಾನೇ ನಾಮನಿರ್ದೇಶನ ಮಾಡಬಹುದೆಂದೂ ವಿಧಿಸಿತು. ಖಾಸಗಿತನ ಮತ್ತು ಹೊಣೆಗಾರಿಕೆಗಳು ಕಾಗದದ ಮೇಲಾದರೂ ಒಂದೆಡೆ ಕೂಡಿದ್ದು ಇಲ್ಲಿ. ಒಕ್ಕವು ಅರುವನನ್ನು ಆರಿಸುತ್ತಿದ್ದ ಜಾಗದಲ್ಲಿ ಈಗ ನೊಂದವಳೇ ಆರಿಸಬಲ್ಲಳು, ಹೆಂಗಸನ್ನೇ ಆರಿಸಬಲ್ಲಳು. ಆಸ್ಪತ್ರೆಯ ನಮೂನೆಯಲ್ಲಿ ಗಂಡನ ಅಥವಾ ತಂದೆಯ ಹೆಸರನ್ನೇ ರೂಢಿಯಿಂದ ತುಂಬಿಬಿಡುವ ಮೊದಲು ಈ ಆಯ್ಕೆಯನ್ನು ಅವಳಿಗೆ ತಿಳಿಸಿ ಹೇಳುವ ಕೆಲಸ ಹೆಚ್ಚಾಗಿ ಊರಿನ ಆಶಾ ಕಾರ್ಯಕರ್ತೆಯ ಪಾಲಿಗೆ ಬರುತ್ತದೆ. ಮನೆಮನೆಯ ಒಳಹೊರಗನ್ನು ಬಲ್ಲ, ಅದೇ ಊರಿನಲ್ಲಿ ನಾಳೆಯೂ ಬಾಳಬೇಕಾದ ಆ ಹೆಂಗಸಿಗೆ ಕೇಳಿದ್ದನ್ನು ಹೊರಗೆ ಆಡದಿರುವ ತರಬೇತಿಯನ್ನೂ, ಆಡಬೇಕಾದಲ್ಲಿ ಆಡುವ ಅಧಿಕಾರವನ್ನೂ ಕೊಡುವುದು ಜಿಲ್ಲೆಯ ಆರೋಗ್ಯ ವ್ಯವಸ್ಥೆಯ ಮುಂದೆ ಇನ್ನೂ ಉಳಿದಿರುವ ಕೆಲಸ.